ಅಂಧನೂ ಅವನ ನಾಯಿಯೂ

ಈ ಸಂಜೆ ನಾವು ತಮ್ಮ ಮುಂದಿಡಬೇಕೆಂದಿರುವ ವಿಷಯ ಅಂಧರಿಗೆ ನೆರವಾಗುವ ನಾಯಿಗಳದು. ಇಂಗ್ಲಿಷಿನಲ್ಲಿ ಇವನ್ನು ‘ಗೈಡ್ ಡಾಗ್’ ಎನ್ನುತ್ತಾರೆ. ಕನ್ನಡದಲ್ಲಿ ‘ಮಾರ್ಗದರ್ಶಕ ನಾಯಿ’ ಎನ್ನುವ ರೂಢಿ ಬಂದಿದೆ. ಹೆಸರೇನೋ ಚೆನ್ನಾಗಿದೆ. ಆದರೆ ಅದು ಮೊದಲ ಹೆಜ್ಜೆಯಲ್ಲಿಯೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಏಕೆಂದರೆ ಈ ನಾಯಿ ಮಾರ್ಗವನ್ನು ತೋರಿಸುವುದೇ ಇಲ್ಲ. ಅಂಚೆಕಚೇರಿಗೆ ನಡೆ ಎಂದು ಹೇಳಿದರೆ ಅದು ನಮ್ಮನ್ನು ಅಲ್ಲಿಗೆ ಮುಟ್ಟಿಸುವುದೆಂದು ಅನೇಕರು ತಿಳಿದಿರುತ್ತಾರೆ. ಹಾಗಲ್ಲ. ದಿನವೂ ನಡೆಯುವ ದಾರಿ ಅದಕ್ಕೆ ಅಭ್ಯಾಸವಾಗುವುದುಂಟು, ನಿಜ. ಆದರೆ ಎಲ್ಲಿಗೆ ಹೋಗಬೇಕು, ಎಷ್ಟನೆಯ ಬೀದಿಯಲ್ಲಿ ತಿರುಗಬೇಕು, ಯಾವ ಗಳಿಗೆಯಲ್ಲಿ ರಸ್ತೆಯನ್ನು ದಾಟಬೇಕು, ಇವೆಲ್ಲ ಕಣ್ಣಿಲ್ಲದ ಯಜಮಾನನ ತಲೆಯಲ್ಲಿರತಕ್ಕ ಸಂಗತಿಗಳು. ಅವನು ‘ಮುಂದೆ’ ಎನ್ನುತ್ತಾನೆ, ‘ಎಡಕ್ಕೆ’ ಎನ್ನುತ್ತಾನೆ, ‘ಬಲಕ್ಕೆ’ ಎನ್ನುತ್ತಾನೆ. ನಾಯಿ ಹಾಗೆ ನಡೆಯುತ್ತದೆ. ನಡುವೆ ಬರುವ ಕಲ್ಲು, ಕಂಬ, ಗುಂಡಿ, ಗಾಡಿಗಳಿಂದ ಅವನನ್ನು ತಪ್ಪಿಸುವುದು ಅದರ ಪಾಲಿನ ಕೆಲಸ. ಯಜಮಾನನೆಂದೆವು; ಯಜಮಾನಿಯೂ ಆಗಬಹುದು.

ಇದನ್ನು ಮೊದಲೇ ಹೇಳಿದುದಕ್ಕೆ ಕಾರಣವಿದೆ. ನಮ್ಮ ಸಂತೆಗಳಲ್ಲಿ, ಜಾತ್ರೆಗಳಲ್ಲಿ, ಹುಡುಗನೊಬ್ಬನ ಹೆಗಲ ಮೇಲೆ ಕೈಯಿಟ್ಟು ನಡೆಯುವ ಅಂಧನನ್ನು ಕಾಣದವರಾರು? ಹುಡುಗ ಒಳ್ಳೆಯವನೇ ಇರಬಹುದು. ಆದರೆ ಅವನಿಗೆ ಹಸಿವಾದಾಗ ಅಂಧನ ಪ್ರಯಾಣ ನಿಲ್ಲುತ್ತದೆ. ಅವನಿಗೆ ಬೇಸರವಾದಾಗ ಅಂಧನು ಮನೆಗೆ ಹಿಂದಿರುಗಬೇಕಾಗುತ್ತದೆ. ಅವನು ಬಾರದ ದಿನ ಅಂಧನಿಗೆ ಬೀದಿಯೇ ಇಲ್ಲ. ಮನೆಯವರೇ ಕರೆದುಕೊಂಡು ಹೋಗುವುದಾದರೂ ಅವರ ಬಿಡುವನ್ನು ಕಾದಿರಬೇಕು. ಕಣ್ಣಿಲ್ಲದವನಿಗೆ ಕತ್ತಲೆಗಿಂತ ಈ ಕಾಯುವಿಕೆಯೇ ಹೆಚ್ಚು ಭಾರವೆಂದು ಅನುಭವಸ್ಥರಲ್ಲಿ ಹಲವರು ಹೇಳುತ್ತಾರೆ. ನಾಯಿ ಬಂದುದರಿಂದ ಬದಲಾದುದು ಮುಖ್ಯವಾಗಿ ಇದು: ಹೊರಡುವ ಹೊತ್ತನ್ನು ಅಂಧನೇ ಗೊತ್ತುಮಾಡುತ್ತಾನೆ.

ನಾಯಿಯ ನೆರವಿನಿಂದ ಅಂಧನು ನಡೆಯಬಹುದೆಂಬ ಆಲೋಚನೆ ಹಳೆಯದು. ವಿಯೆನ್ನಾ ನಗರದಲ್ಲಿ ಅಂಧರ ಶಾಲೆಯನ್ನು ಸ್ಥಾಪಿಸಿದ ಯೋಹಾನ್ ವಿಲ್ಹೆಲ್ಮ್ ಕ್ಲೈನ್ ಎಂಬವರು ೧೮೧೯ರಲ್ಲಿ ಅಂಧರ ಶಿಕ್ಷಣವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಇದರ ಪ್ರಸ್ತಾಪವಿದೆ. ಆದರೆ ಅದು ಪುಸ್ತಕದಲ್ಲಿಯೇ ಉಳಿಯಿತು. ಆಲೋಚನೆಯನ್ನು ಕಾರ್ಯಕ್ಕೆ ತಂದುದು ಮೊದಲನೆಯ ಮಹಾಯುದ್ಧ. ವಿಷವಾಯುವಿನಿಂದಲೂ ಸಿಡಿಗುಂಡಿನಿಂದಲೂ ಕಣ್ಣು ಕಳೆದುಕೊಂಡ ತರುಣ ಸೈನಿಕರು ಗುಂಪುಗುಂಪಾಗಿ ಮನೆಗೆ ಮರಳಿದಾಗ, ಜರ್ಮನಿಯ ವೈದ್ಯರಾದ ಗೆರ್ಹಾರ್ಟ್ ಶ್ಟಾಲಿಂಗ್ ಎಂಬವರು ೧೯೧೬ರಲ್ಲಿ ಓಲ್ಡನ್‌ಬುರ್ಗ್ ಎಂಬ ಊರಿನಲ್ಲಿ ಇಂತಹ ನಾಯಿಗಳನ್ನು ತಯಾರಿಸುವ ಶಾಲೆಯನ್ನು ತೆರೆದರು. ಒಂದು ದಿನ ಅವರು ಕಣ್ಣು ಕಳೆದುಕೊಂಡ ರೋಗಿಯೊಬ್ಬನೊಡನೆ ಆಸ್ಪತ್ರೆಯ ತೋಟದಲ್ಲಿ ನಡೆಯುತ್ತಿದ್ದಾಗ ಯಾರೋ ಕರೆದರಂತೆ. ತಮ್ಮ ನಾಯಿಯನ್ನು ರೋಗಿಯ ಬಳಿ ಬಿಟ್ಟು ಹೋಗಿ ಹಿಂದಿರುಗಿ ನೋಡಿದರೆ, ಅದು ಅವನನ್ನು ಎಚ್ಚರಿಕೆಯಿಂದ ಕಾಯುತ್ತಿದ್ದಿತಂತೆ. ಕಥೆ ಪರಂಪರೆಯಿಂದ ಬಂದುದು. ಶಾಲೆ ಮಾತ್ರ ನಿಜ. ಬಳಿಕ ೧೯೨೩ರಲ್ಲಿ ಬರ್ಲಿನ್ನಿನ ಸಮೀಪದ ಪೊಟ್ಸ್‌ಡಾಮಿನಲ್ಲಿ ಇನ್ನೊಂದು ಶಾಲೆ ಹುಟ್ಟಿತು.

ಆ ಪೊಟ್ಸ್‌ಡಾಮ್ ಶಾಲೆಯನ್ನು ನೋಡಲು ಬಂದ ಅಮೆರಿಕದ ಮಹಿಳೆಯೊಬ್ಬರಿಂದ ಈ ವಿದ್ಯೆ ಅಟ್ಲಾಂಟಿಕ್ ಸಾಗರವನ್ನು ದಾಟಿತು. ಅವರ ಹೆಸರು ಡೊರೊತಿ ಹ್ಯಾರಿಸನ್ ಯೂಸ್ಟಿಸ್. ಸ್ವಿಟ್ಜರ್ಲೆಂಡಿನ ಬೆಟ್ಟದ ಮೇಲೆ ಮನೆಮಾಡಿ, ಪೋಲೀಸು ಮೊದಲಾದ ಇಲಾಖೆಗಳಿಗಾಗಿ ಜರ್ಮನ್ ಷೆಪರ್ಡ್ ನಾಯಿಗಳನ್ನು ಸಾಕುತ್ತಿದ್ದವರು. ಪೊಟ್ಸ್‌ಡಾಮಿನಲ್ಲಿ ಕಂಡುದನ್ನು ಕುರಿತು ಅವರು ಬರೆದ ಲೇಖನ ೧೯೨೭ನೆಯ ನವೆಂಬರ್ ೫ರಂದು ಅಮೆರಿಕದ ‘ಸ್ಯಾಟರ್ಡೇ ಈವ್‌ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಟೆನೆಸಿ ಸಂಸ್ಥಾನದ ನ್ಯಾಶ್‌ವಿಲ್ ನಗರದಲ್ಲಿ ತಂದೆಯೊಬ್ಬನು ಅದನ್ನು ತನ್ನ ಮಗನಿಗೆ ಓದಿ ಹೇಳಿದನು. ಮಗನ ಹೆಸರು ಮಾರಿಸ್ ಫ್ರಾಂಕ್, ವಯಸ್ಸು ೧೯. ಆರನೆಯ ವರ್ಷದಲ್ಲಿ ಕುದುರೆಯ ಮೇಲೆ ಹೋಗುವಾಗ ಮರದ ಕೊಂಬೆ ಬಡಿದು ಒಂದು ಕಣ್ಣು ಹೋಗಿತ್ತು. ಹದಿನಾರರಲ್ಲಿ ಮುಷ್ಟಿಯುದ್ಧದ ಆಟದಲ್ಲಿ ಇನ್ನೊಂದು ಹೋಯಿತು. ತಾಯಿಯೂ ಅಂಧಳು. ಹುಡುಗ ಕಾಲೇಜಿನಲ್ಲಿ ಓದುತ್ತಿದ್ದನು, ವಿಮೆಯ ವ್ಯಾಪಾರವನ್ನೂ ಮಾಡುತ್ತಿದ್ದನು. ಎಲ್ಲಿಗೆ ಹೋಗಬೇಕಾದರೂ ಕೂಲಿಗೆ ಹಿಡಿದ ಹುಡುಗನೊಬ್ಬನನ್ನು ನೆಮ್ಮಿಕೊಂಡಿರಬೇಕಾಗಿತ್ತು. ಅವನು ಕೂಡಲೆ ಆ ಮಹಿಳೆಗೆ ಕಾಗದ ಬರೆದನು: ತನಗೊಂದು ನಾಯಿಯನ್ನು ಕೊಟ್ಟು ತರಬೇತು ಮಾಡಿದರೆ, ತಾನು ಹಿಂದಿರುಗಿ ತನ್ನ ದೇಶದ ಇತರ ಅಂಧರಿಗೂ ಆ ವಿದ್ಯೆಯನ್ನು ದೊರಕಿಸಲು ದುಡಿಯುವೆನೆಂದು.

೧೯೨೮ರ ವಸಂತದಲ್ಲಿ ಫ್ರಾಂಕನು ಯೂರೋಪಿಗೆ ಹೊರಟ. ಹೇಗೆ ಹೊರಟನೆಂಬುದನ್ನು ತಾವು ಗಮನಿಸಬೇಕು. ಕಣ್ಣಿಲ್ಲದವನು ಒಬ್ಬನೇ ಪ್ರಯಾಣ ಮಾಡುವುದು ಹೇಗೆಂದು, ಅವನನ್ನು ಒಂದು ಸಾಗಣೆ ಕಂಪೆನಿಯ ವಶಕ್ಕೆ ಪಾರ್ಸೆಲಿನಂತೆ ಒಪ್ಪಿಸಲಾಯಿತು. ಹಡಗಿನಲ್ಲಿ ಅವನ ಓಡಾಟವೆಲ್ಲ ಕಾವಲಿನವನ ಇಷ್ಟದಂತೆ. ಹೀಗೆ ಸಾಮಾನಾಗಿ ಹೋದವನು ಮೂರು ತಿಂಗಳೊಳಗೆ ಮನುಷ್ಯನಾಗಿ ಹಿಂದಿರುಗಿದನು.

ಅವನಿಗೆ ದೊರೆತುದು ಜರ್ಮನ್ ಷೆಪರ್ಡ್ ಜಾತಿಯ ಹೆಣ್ಣುನಾಯಿ. ಅದಕ್ಕೆ ಮೊದಲಿದ್ದ ಹೆಸರು ‘ಕಿಸ್’, ಎಂದರೆ ಮುತ್ತು. ಬೀದಿಯಲ್ಲಿ ನಿಂತು ಆ ಹೆಸರನ್ನು ಕೂಗಲು ತರುಣನಿಗೆ ನಾಚಿಕೆಯಾಯಿತು. ‘ಬಡ್ಡಿ’ ಎಂದು ಕರೆದನು. ಅವರ ಭಾಷೆಯಲ್ಲಿ ಅದಕ್ಕೆ ಗೆಳೆಯ ಎಂದರ್ಥ. ಸಾಹುಕಾರರ ಬಡ್ಡಿಗೂ ಇದಕ್ಕೂ ನಂಟಿಲ್ಲ. ಶಿಕ್ಷಕರಾದ ಜ್ಯಾಕ್ ಹಂಫ್ರಿ ಅವನನ್ನೂ ನಾಯಿಯನ್ನೂ ಹತ್ತಿರದ ವೆವೇ ಪಟ್ಟಣದ ಬೀದಿಗಳಲ್ಲಿ ದಿನದಿನವೂ ನಡೆಸಿದರು. ಆ ದಿನಗಳ ಒಂದು ಸಂಗತಿಯನ್ನು ಫ್ರಾಂಕನೇ ಮುಂದೆ ೧೯೫೭ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ. ಅವನಿಗೆ ಕ್ಷೌರವಾಗಬೇಕಾಗಿತ್ತು. ಊರಿನಲ್ಲಿದ್ದಾಗ ಮನೆಯವರು ಅವನನ್ನು ಕ್ಷೌರದ ಅಂಗಡಿಯಲ್ಲಿ ಬಿಟ್ಟು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಕ್ಷೌರ ಮುಗಿದ ಮೇಲೂ ಅವರು ಬರುವವರೆಗೆ ಕುಳಿತಿರಬೇಕು. ಈ ಸಲ ಅವನು ನಾಯಿಯೊಡನೆ ಹೋದನು, ಕೆಲಸ ಮುಗಿಸಿದನು, ಎದ್ದು ಬಂದನು. ಅಷ್ಟೇ ಸಂಗತಿ. ಆ ಅಷ್ಟಕ್ಕೇ ಅವನು ಉಕ್ಕಿ ಉಕ್ಕಿ ನಕ್ಕನಂತೆ. ಕಣ್ಣುಳ್ಳ ನಾವು ಕ್ಷೌರದಂಗಡಿಯಿಂದ ಎದ್ದು ಬರುವುದನ್ನು ಸ್ವಾತಂತ್ರ್ಯವೆಂದು ಎಂದಾದರೂ ಎಣಿಸಿದ್ದೇವೆಯೆ?

ಜೂನ್ ತಿಂಗಳಲ್ಲಿ ಹಡಗು ನ್ಯೂಯಾರ್ಕಿಗೆ ಬಂದಾಗ ಪತ್ರಿಕೆಯವರು ಅವನನ್ನು ಪರೀಕ್ಷಿಸಿದರು. ಹಡಗುಕಟ್ಟೆಯ ಬಳಿಯ ವೆಸ್ಟ್ ಸ್ಟ್ರೀಟ್ ಎಂಬ ಬೀದಿ ಬಹು ಅಗಲ, ದೊಡ್ಡ ದೊಡ್ಡ ಲಾರಿಗಳ ಓಡಾಟ; ಅದನ್ನು ದಾಟಿ ತೋರಿಸೆಂದರು. ಅವನು ನಾಯಿಗೆ ಅಪ್ಪಣೆ ಕೊಟ್ಟನು. ನಾಯಿ ಕೆಲವು ಹೆಜ್ಜೆ ನಡೆಯಿತು, ನಿಂತಿತು, ಹಿಂದೆ ಸರಿಯಿತು, ಮತ್ತೆ ನಡೆಯಿತು. ಎದುರುಬದಿ ಸೇರಿದ ಮೇಲೆ ಯೂಸ್ಟಿಸ್ ಅವರಿಗೆ ಒಂದೇ ಮಾತಿನ ತಂತಿ ಹೋಯಿತು: ‘ಜಯ’ ಎಂದು. ಮರುವರ್ಷ, ೧೯೨೯ರ ಜನವರಿಯಲ್ಲಿ, ಅವರಿಬ್ಬರ ಪ್ರಯತ್ನದಿಂದ ನ್ಯಾಶ್‌ವಿಲ್ಲಿನಲ್ಲಿ ‘ಸೀಯಿಂಗ್ ಐ’ ಎಂಬ ಸಂಸ್ಥೆ ಸ್ಥಾಪಿತವಾಯಿತು. ಅದು ನ್ಯೂಜೆರ್ಸಿಗೆ ಸ್ಥಳಾಂತರಗೊಂಡು ಇಂದಿಗೂ ನಡೆಯುತ್ತಿದೆ. ಇಂಗ್ಲೆಂಡಿನಲ್ಲಿ ಮ್ಯೂರಿಯಲ್ ಕ್ರುಕ್, ರೋಸಮಂಡ್ ಬಾಂಡ್ ಎಂಬ ಇಬ್ಬರು ಮಹಿಳೆಯರ ಉದ್ಯಮದಿಂದ ೧೯೩೧ರಲ್ಲಿ ವಾಲಸಿ ಎಂಬಲ್ಲಿ ಮೊದಲ ನಾಲ್ಕು ನಾಯಿಗಳು ತಯಾರಾದುವು.

ಇನ್ನು ನಾಯಿ ತಯಾರಾಗುವ ಕ್ರಮ. ಈಗ ಈ ಕೆಲಸಕ್ಕೆ ಹೆಚ್ಚಾಗಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಷೆಪರ್ಡ್ ಜಾತಿಗಳನ್ನೂ ಅವುಗಳ ಮಿಶ್ರತಳಿಗಳನ್ನೂ ಆರಿಸುತ್ತಾರೆ. ಮರಿಗೆ ಸುಮಾರು ಎರಡು ತಿಂಗಳಾದಾಗ ಅದನ್ನು ಒಂದು ಗೃಹಸ್ಥರ ಮನೆಗೆ ಕೊಡುತ್ತಾರೆ. ಆ ಮನೆಯವರು ಸಂಬಳವಿಲ್ಲದೆ ಅದನ್ನು ವರುಷದ ಮೇಲ್ಪಟ್ಟು ಸಾಕಿ, ಮನೆಯ ನಡತೆಯನ್ನು ಕಲಿಸಿ, ರೈಲು, ಬಸ್ಸು, ಮಾರುಕಟ್ಟೆ, ಮೆಟ್ಟಿಲು, ಮಕ್ಕಳ ಗದ್ದಲ ಇವುಗಳಿಗೆಲ್ಲ ಹೊಂದಿಸಿ, ಕೊನೆಗೆ ಕಣ್ಣೀರಿಡುತ್ತ ಹಿಂದಿರುಗಿಸುತ್ತಾರೆ. ಸಾಕಿದ ಮಗಳನ್ನು ಅತ್ತೆಯ ಮನೆಗೆ ಕಳುಹಿಸಿದಂತೆಯೇ ಸರಿ. ಅನಂತರ ಶಾಲೆಯ ಶಿಕ್ಷಕನು ಕೆಲವು ತಿಂಗಳು ಅದನ್ನು ನಡೆಸುತ್ತಾನೆ. ಫುಟ್‌ಪಾತಿನ ಅಂಚಿನಲ್ಲಿ ನಿಲ್ಲುವುದು, ಮೆಟ್ಟಿಲಿನ ಮುಂದೆ ನಿಲ್ಲುವುದು, ಅಡ್ಡ ಬಂದುದನ್ನು ಬಳಸಿ ಹೋಗುವುದು ಮೊದಲ ಪಾಠಗಳು. ಬಳಸುವಾಗ ತನ್ನ ಮೈಯೊಂದು ನುಸುಳಿದರೆ ಸಾಲದು. ಪಕ್ಕದ ಮನುಷ್ಯನ ಭುಜವೂ ಹಿಡಿಸುವಷ್ಟು ಎಡೆಯಿರಬೇಕು. ಇದಕ್ಕಿಂತ ಕಷ್ಟವಾದುದು ತಲೆಯ ಮಟ್ಟದ ಅಡಚಣೆ. ಇಳಿಬಿದ್ದ ಕೊಂಬೆಯ ಕೆಳಗೆ ನಾಯಿ ಸುಖವಾಗಿ ಹೋಗಬಲ್ಲುದು. ಅದು ತನಗಲ್ಲದ ಎತ್ತರವನ್ನು ಅಳೆಯಲು ಕಲಿಯಬೇಕು. ಫ್ರಾಂಕನ ಮೊದಲ ಕಣ್ಣನ್ನು ತೆಗೆದುದು ಇಂತಹ ಒಂದು ಕೊಂಬೆಯೇ ಅಲ್ಲವೆ?

ನಾಯಿಯ ಮೈಗೆ ತೊಗಲಿನದೋ ನೂಲಿನದೋ ಒಂದು ಸಜ್ಜನ್ನು ತೊಡಿಸಿ, ಅದಕ್ಕೆ ಬಾಗದ ಹಿಡಿಯೊಂದನ್ನು ಸೇರಿಸಿರುತ್ತಾರೆ. ಸಾಮಾನ್ಯವಾಗಿ ಅಂಧನು ಎಡಗೈಯಲ್ಲಿ ಈ ಹಿಡಿಯನ್ನು ಹಿಡಿಯುತ್ತಾನೆ; ನಾಯಿ ಅವನ ಎಡಕ್ಕೆ ಅರ್ಧ ಹೆಜ್ಜೆ ಮುಂದಾಗಿ ನಡೆಯುತ್ತದೆ. ಹಗ್ಗವಾಗಿದ್ದರೆ ಸಡಿಲವಾಗಿ ಸುದ್ದಿಯನ್ನು ನುಂಗಿಬಿಡುತ್ತಿತ್ತು. ಗಟ್ಟಿಯಾದ ಹಿಡಿಯಾದುದರಿಂದ ನಾಯಿಯ ಹೆಗಲು ಏರಿದುದು, ಇಳಿದುದು, ಎಡಕ್ಕೆ ಹೊರಳಿದುದು, ತಡೆದು ನಿಂತುದು ಎಲ್ಲವೂ ಕೂಡಲೆ ಕೈಗೆ ತಿಳಿಯುತ್ತದೆ. ಸಜ್ಜು ಮೈಮೇಲಿರುವವರೆಗೆ ನಾಯಿ ಉದ್ಯೋಗದಲ್ಲಿದೆ ಎಂದರ್ಥ. ಕಳಚಿದ ಕೂಡಲೆ ಅದು ಎಲ್ಲ ನಾಯಿಗಳಂತೆ ಚೆಂಡನ್ನು ಅಟ್ಟಿಕೊಂಡು ಓಡುತ್ತದೆ.

ಎಲ್ಲ ಪಾಠಗಳಲ್ಲಿ ಶ್ರೇಷ್ಠವಾದುದು ಅಪ್ಪಣೆಯನ್ನು ಮೀರುವ ಪಾಠ. ಇದು ಕೇಳುವುದಕ್ಕೆ ವಿಚಿತ್ರವಾಗಿದೆ. ಅಂಧನು ರಸ್ತೆಯ ಅಂಚಿನಲ್ಲಿ ನಿಂತು, ಗಾಡಿಗಳ ಸದ್ದನ್ನು ಆಲಿಸಿ, ಬರುವ ಸದ್ದು ನಿಂತಿದೆಯೆಂದು ತಾನೇ ನಿಶ್ಚಯಿಸಿ ‘ಮುಂದೆ’ ಎನ್ನುತ್ತಾನೆ. ದೀಪದ ಕಂಬದ ಕೆಂಪು ಹಸಿರುಗಳನ್ನು ನೋಡಿ ನಾಯಿ ತಿಳಿಸುವುದೆಂಬುದು ಕಲ್ಪನೆ. ನಾಯಿಯ ಕಣ್ಣಿಗೆ ಆ ಎರಡು ಬಣ್ಣಗಳ ಭೇದ ಸರಿಯಾಗಿ ತೋರದು. ಆದರೆ ಅಪ್ಪಣೆಯಾದ ಮೇಲೆ, ಸದ್ದಿಲ್ಲದೆ ಬರುತ್ತಿರುವ ಕಾರೊಂದು ನಾಯಿಗೆ ಕಂಡರೆ, ಅದು ಹೆಜ್ಜೆಯೆತ್ತುವುದಿಲ್ಲ. ಎರಡನೆಯ ಸಲ ಹೇಳಿದರೂ ಇಲ್ಲ. ರೈಲು ನಿಲ್ದಾಣದ ಕಟ್ಟೆಯ ಅಂಚಿಗೆ ಯಜಮಾನನು ಹೋಗತೊಡಗಿದರೆ ತನ್ನ ಮೈಯನ್ನೇ ಅಡ್ಡ ಹಾಕುತ್ತದೆ. ವಿದ್ಯುತ್ತಿನಿಂದ ಓಡುವ ಮೋಟಾರುಗಳು ಸದ್ದೇ ಮಾಡದೆ ಬರುವ ಈ ಕಾಲದಲ್ಲಿ ಈ ಗುಣದ ಬೆಲೆ ಇನ್ನೂ ಏರಿದೆ. ನಾವು ಸೇವಕರಲ್ಲಿ ವಿಧೇಯತೆಯನ್ನು ಹೊಗಳುವುದು ಅಭ್ಯಾಸ. ಇಲ್ಲಿ ವಿಧೇಯತೆಯೊಂದನ್ನೇ ಕಲಿತ ನಾಯಿ ಯಜಮಾನನನ್ನು ಕೊಲ್ಲಬಲ್ಲುದು. ಅಂತೆಯೇ ಯಜಮಾನನೂ ಒಂದು ಕಠಿನವಾದ ಪಾಠವನ್ನು ಕಲಿಯಬೇಕು: ಅಪ್ಪಣೆ ಕೊಡುವ ಹಕ್ಕು ತನ್ನದಾದರೂ, ತಡೆದಾಗ ನಿಲ್ಲಬೇಕು, ನಿಂತ ಕಾರಣವನ್ನು ಕಾಲಿನಿಂದಲೋ ಕಿವಿಯಿಂದಲೋ ವಿಚಾರಿಸಬೇಕು.

ಆದುದರಿಂದಲೇ ಅಂಧನೂ ಶಾಲೆಯಲ್ಲಿ ಸುಮಾರು ಮೂರು ನಾಲ್ಕು ವಾರ ಕಲಿಯಬೇಕಾಗುತ್ತದೆ. ಮೊದಲು ಶಿಕ್ಷಕನೇ ಸಜ್ಜಿನ ಮುಂಭಾಗವನ್ನು ಹಿಡಿದು, ತಾನೇ ನಾಯಿಯಾಗಿ ಅಂಧನನ್ನು ಬೀದಿಯಲ್ಲಿ ನಡೆಸುತ್ತಾನೆ. ನೋಡುವವರಿಗೆ ನಗೆ ಬರಬಹುದು. ಆದರೆ ಆ ನಡಿಗೆಯಿಂದ ಈತನ ವೇಗವೆಷ್ಟು, ಎಷ್ಟು ಎಳೆತ ಹಿಡಿಸುತ್ತದೆ, ಸ್ವಭಾವ ಮೃದುವೋ ಬಿರುಸೋ ಎಂಬುದು ತಿಳಿಯುತ್ತದೆ. ಅದಕ್ಕೆ ತಕ್ಕ ನಾಯಿಯನ್ನು ಆರಿಸುತ್ತಾರೆ. ನಮ್ಮಲ್ಲಿ ಜಾತಕ ನೋಡಿ ಮದುವೆ ಮಾಡುವುದಕ್ಕಿಂತ ಹೆಚ್ಚು ಎಚ್ಚರ ಇದರಲ್ಲಿದೆಯೆಂದರೆ ತಪ್ಪಾಗಲಾರದು.

ಹಾಗೆಂದು ನಾಯಿಯೇ ಎಲ್ಲ ಅಂಧರಿಗೂ ಬೇಕೆಂದು ನಾವು ಹೇಳುವುದಿಲ್ಲ. ಅಂಧರಲ್ಲಿ ನಾಯಿಯುಳ್ಳವರು ಎಲ್ಲ ದೇಶಗಳಲ್ಲಿಯೂ ಸ್ವಲ್ಪ ಮಂದಿ. ಬಿಳಿಯ ಕೋಲಿಗೆ ಅನ್ನ ಹಾಕಬೇಕಾಗಿಲ್ಲ, ಮೈ ತೊಳೆಸಬೇಕಾಗಿಲ್ಲ, ಮಳೆಯಲ್ಲಿ ಬೆಳಗಿನ ಜಾವ ಹೊರಗೆ ಕರೆದುಕೊಂಡು ಹೋಗಬೇಕಾಗಿಲ್ಲ. ಅಲ್ಲದೆ ಕೋಲು ಅಡಚಣೆಯನ್ನು ಮುಟ್ಟಿ ತಿಳಿಸುತ್ತದೆ. ನಾಯಿ ಅದನ್ನು ಬಳಸಿ ಹೋಗುವುದರಿಂದ ಅಲ್ಲೊಂದು ಕಂಬವಿತ್ತೆಂಬುದೇ ಯಜಮಾನನಿಗೆ ಗೊತ್ತಾಗದು. ಕಂಬವನ್ನು ಗುರುತಾಗಿಟ್ಟುಕೊಂಡು ನಡೆಯುವವನಿಗೆ ಇದು ನಷ್ಟ. ವೇಗವಾಗಿ ಸಲೀಸಾಗಿ ನಡೆಯಬೇಕೆನ್ನುವವನಿಗೆ ಲಾಭ. ಕೋಲಿನಿಂದ ನಡೆಯಲು ಬಲ್ಲವನಿಗೇ ನಾಯಿಯನ್ನು ಕೊಡುವುದು ಶಾಲೆಗಳ ಸಾಮಾನ್ಯ ಪದ್ಧತಿ. ಊರಿನ ನಕ್ಷೆ ತಲೆಯಲ್ಲಿಲ್ಲದವನಿಗೆ ನಾಯಿ ಏನು ಮಾಡೀತು?

ಬೆಲೆಯ ವಿಷಯವಾಗಿ ಒಂದು ಮಾತು. ಒಂದು ನಾಯಿಯನ್ನು ತಯಾರಿಸಲು ತಗಲುವ ವೆಚ್ಚ ಬಹಳ. ಅದನ್ನು ದಾನಿಗಳು ಭರಿಸುತ್ತಾರೆ. ಆದರೂ ‘ಸೀಯಿಂಗ್ ಐ’ ಸಂಸ್ಥೆ ೧೯೩೦ರ ದಶಕದಲ್ಲಿಯೇ ಒಂದು ಸಣ್ಣ ಶುಲ್ಕವನ್ನು ಗೊತ್ತುಮಾಡಿತು: ಮೊದಲ ನಾಯಿಗೆ ೧೫೦ ಡಾಲರು, ಅನಂತರದವುಗಳಿಗೆ ೫೦, ಮಾಜಿ ಸೈನಿಕರಿಗೆ ಒಂದೇ ಡಾಲರು. ತರುವಾಯ ಬೆಲೆಗಳೆಲ್ಲ ಎಷ್ಟು ಏರಿದರೂ ಅದನ್ನು ಏರಿಸಲಿಲ್ಲ. ಹಣದ ಆಸೆಯಿಂದ ಇಟ್ಟ ಶುಲ್ಕ ಇದಲ್ಲವೆಂಬುದು ಸ್ಪಷ್ಟ. ಬೇಕಾದರೆ ಕಂತಿನಲ್ಲಿ ಕೊಡಲಿ, ತಡವಾಗಿ ಕೊಡಲಿ. ಕೊಟ್ಟವನು ನಾಯಿಯನ್ನು ‘ನನ್ನದು’ ಎಂದು ತಲೆಯೆತ್ತಿ ಹೇಳಬಹುದು. ಧರ್ಮಕ್ಕೆ ಕೈಯೊಡ್ಡುವ ಅಂಧನ ಚಿತ್ರವೊಂದೇ ನಮ್ಮ ಮನಸ್ಸಿನಲ್ಲಿ ಬೇರೂರಿರುವುದರಿಂದ ಇದನ್ನು ವಿಸ್ತರಿಸಿ ಹೇಳಬೇಕಾಯಿತು.

ನಾಯಿ ದೊರೆತರೂ ಬಾಗಿಲು ತೆರೆಯಬೇಕಷ್ಟೆ. ಫ್ರಾಂಕನು ಊರೂರು ಸುತ್ತುವಾಗ ಹೋಟೆಲಿನವರು, ರೈಲಿನವರು ‘ನೀನು ಬಾ, ನಾಯಿ ಹೊರಗಿರಲಿ’ ಎಂದರು. ಸ್ವರ್ಗದ ಬಾಗಿಲಲ್ಲಿ ಇಂದ್ರನು ಧರ್ಮರಾಯನಿಗೆ ಹೇಳಿದ ಮಾತೂ ಇದೇ, ಧರ್ಮರಾಯನು ಕೊಟ್ಟ ಉತ್ತರವನ್ನು ತಾವು ಬಲ್ಲಿರಿ. ಫ್ರಾಂಕನೂ ನಾಯಿಯನ್ನು ಬಿಟ್ಟು ಒಳಗೆ ಹೋಗಲೊಪ್ಪಲಿಲ್ಲ. ೧೯೩೫ರ ಹೊತ್ತಿಗೆ ಅಮೆರಿಕದ ರೈಲ್ವೆಗಳು ಇಂತಹ ನಾಯಿಗಳನ್ನು ಯಜಮಾನನ ಜೊತೆಯಲ್ಲಿಯೇ ಬಿಡಲೊಪ್ಪಿದುವು. ೧೯೯೦ರಲ್ಲಿ ಆ ದೇಶದಲ್ಲಿ ಅಂಗವಿಕಲರ ಹಕ್ಕುಗಳ ಶಾಸನವಾಗಿ, ಸಾರ್ವಜನಿಕ ಸ್ಥಳಗಳಲ್ಲಿ ಇವುಗಳ ಪ್ರವೇಶ ದೇಶಕ್ಕೆಲ್ಲ ಒಂದೇ ಹಕ್ಕಾಯಿತು. ಬ್ರಿಟನ್ನಿನಲ್ಲಿ ಇಂದು ೨೦೧೦ರ ಸಮಾನತಾ ಶಾಸನ ಅದೇ ಕೆಲಸವನ್ನು ಮಾಡುತ್ತದೆ.

ನಮ್ಮ ದೇಶದಲ್ಲಿ ಇಂತಹ ನಾಯಿ ತೀರ ಅಪೂರ್ವ. ಏಕೆ ತರಬಾರದೆಂದು ಕೇಳುವವರಿದ್ದಾರೆ. ಆದರೆ ನಾಯಿ ಅಂಚಿನಲ್ಲಿ ನಿಲ್ಲಬೇಕಾದರೆ ಫುಟ್‌ಪಾತಿಗೆ ಅಂಚೆಂಬುದೊಂದಿರಬೇಕು. ಅದು ಬೆಂಗಳೂರಿನ ಬೀದಿಯಲ್ಲಿ ನೂರು ಗಜ ನಡೆಯುವುದನ್ನು ಊಹಿಸಿ ನೋಡಿರಿ: ಮೇಲೆದ್ದ ಚಪ್ಪಡಿ, ಫುಟ್‌ಪಾತನ್ನೇರಿ ಬರುವ ಸ್ಕೂಟರು, ಬೊಗಳುತ್ತ ಸುತ್ತುಗಟ್ಟುವ ಬೀದಿನಾಯಿಗಳ ಹಿಂಡು. ಬೀದಿಯನ್ನು ಸರಿಮಾಡದೆ ನಾಯಿಯನ್ನು ತಂದರೆ ನಾಯಿಯೂ ಅಂಧನೂ ಕೂಡಿಯೇ ಮನೆಯಲ್ಲಿ ಕುಳಿತಿರಬೇಕಾದೀತು. ಬೀದಿ ನೆಟ್ಟಗಾದರೆ ಕೋಲು ಹಿಡಿದವನಿಗೂ, ಮುದುಕರಿಗೂ, ಮಕ್ಕಳನ್ನೆತ್ತಿಕೊಂಡ ತಾಯಂದಿರಿಗೂ ಅದೇ ದಿನ ಉಪಕಾರವಾಗುತ್ತದೆ. ಅದಕ್ಕೆ ನಾಯಿಗಾಗಿ ಕಾಯಬೇಕಾಗಿಲ್ಲ.

ಹೊರದೇಶಗಳಿಗೆ ಹೋಗಿಬರುವ ನಮ್ಮವರು ಈಗ ಬಹುಮಂದಿ. ಅಲ್ಲಿ ಇಂತಹ ಜೋಡಿಯೊಂದು ಎದುರಾದರೆ ನಡೆದುಕೊಳ್ಳುವ ಬಗೆಯನ್ನು ಹೇಳಿಬಿಡುತ್ತೇವೆ. ಸಜ್ಜು ತೊಟ್ಟ ನಾಯಿಯ ತಲೆಯನ್ನು ಸವರಬಾರದು, ಹೆಸರು ಹಿಡಿದು ಕರೆಯಬಾರದು, ತಿಂಡಿ ಚಾಚಬಾರದು. ನಿಮಿಷದ ಅಕ್ಕರೆ ಅದರ ಗಮನವನ್ನು ಕೆಡಿಸಿ ಒಬ್ಬನ ಕಾಲು ಮುರಿಯಬಹುದು. ನೆರವು ಬೇಕೆಂದು ತೋರಿದರೆ ಮನುಷ್ಯನನ್ನು ಕೇಳಬೇಕು. ಕೇಳದೆ ಅವನ ತೋಳನ್ನೋ ನಾಯಿಯ ಹಿಡಿಯನ್ನೋ ಎಳೆಯುವುದು, ನಡೆಸುತ್ತಿರುವ ಮೋಟಾರಿನ ಚಕ್ರವನ್ನು ಪಕ್ಕದವನು ಕಸಿದಂತೆ.

ಈ ನಾಯಿಗಳ ಉದ್ಯೋಗಕ್ಕೂ ನಿವೃತ್ತಿಯುಂಟು. ಎಂಟು ಹತ್ತು ವರ್ಷದ ಪ್ರಾಯಕ್ಕೆ ಹೆಜ್ಜೆ ನಿಧಾನವಾಗುತ್ತದೆ, ಸಜ್ಜನ್ನು ಕಂಡಾಗಿನ ಉತ್ಸಾಹ ಇಳಿಯುತ್ತದೆ. ಯಜಮಾನನು ಅದನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವುದೂ ಉಂಟು, ಬಂಧುಗಳಿಗೊಪ್ಪಿಸುವುದೂ ಉಂಟು. ಹೊಸ ನಾಯಿಗೆ ಸಜ್ಜನ್ನು ತೊಡಿಸುವ ಬೆಳಗ್ಗೆ ಹಳೆಯದು ಬಾಗಿಲಿಗೆ ಬಂದು ನಿಲ್ಲುವುದನ್ನು ಅನೇಕರು ನೋವಿನಿಂದ ಹೇಳುತ್ತಾರೆ. ಫ್ರಾಂಕನ ಬಡ್ಡಿ ೧೯೩೮ರಲ್ಲಿ ತೀರಿಕೊಂಡಿತು. ಅವನು ೧೯೮೦ರವರೆಗೆ ಬದುಕಿದ್ದನು. ಆ ನಡುವೆ ಬಂದ ನಾಯಿಗಳಿಗೆಲ್ಲ ಬೇರೆ ಹೆಸರನ್ನು ಹುಡುಕಲಿಲ್ಲ. ಒಂದೊಂದನ್ನೂ ಬಡ್ಡಿ ಎಂದೇ ಕರೆದನು.